ಕೆಟ್ಟದ್ದು ಲ್ಯಾಪ್‌ಟಾಪ್ ಅಲ್ಲ



ಕೆಲವು ತಿಂಗಳ ಹಿಂದಿನ ಮಾತು. ಒಂದು ಸಂಜೆ ನೆರೆಮನೆಯ ಸಹೋದರಿಯೊಬ್ಬರು ಲ್ಯಾಪ್‌ಟಾಪೊಂದನ್ನು ಹಳೆಯ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಹಿಂದೆಯೇ ಅವರ ಮಗ. ಪಿಯುಸಿ ಓದುವ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ತಲೆ ತಗ್ಗಿಸಿ ಬಾಗಿಲ ಬಳಿಯೇ ನಿಂತ.

"ಟೀಚರ್, ಇದರ ಗ್ರಾಫಿಕ್ಸ್ ಕಾರ್ಡ್ ಹೋಗಿದೆಯಂತೆ. ಒಳಗಿನ ಬೋರ್ಡನ್ನೇ ಬದಲಾಯಿಸಬೇಕಂತೆ. 14 ಸಾವಿರ ಆಗ್ತದೆ ಅಂದ್ರು ಅಂಗಡಿಯವರು. ಇವನು ಏನೋ ಎರಡನೇ ಸಿಸ್ಟಮ್ ಹಾಕಿ, ಆಟ ಆಡಿ ಆಡಿ ಹಾಳು ಮಾಡಿದ್ದಾನೆ. ನೀವೇ ಸ್ವಲ್ಪ ಬುದ್ಧಿ ಹೇಳಿ."

ನಾನು ಬುದ್ಧಿ ಹೇಳಿದೆ. ತಾಯಿ ರಾತ್ರಿ ಹನ್ನೊಂದರವರೆಗೆ ಹೊಲಿಗೆ ಯಂತ್ರದ ಮುಂದೆ ಕೂತು ಕೂಡಿಟ್ಟ ಹಣ ಎಂದೆ, ಆಟಕ್ಕೊಂದು ಮಿತಿ ಬೇಡವೇ ಎಂದೆ. ಹುಡುಗ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದ: "ಟೀಚರ್, ವಿಂಡೋಸ್‌ನಲ್ಲಿ ಅದೇ ಆಟ ಚೆನ್ನಾಗಿಯೇ ಓಡ್ತದೆ. ಉಮ್ಮನಿಗೂ ಹೇಳಿದೆ, ಅಂಗಡಿಯಲ್ಲೂ ಹೇಳಿದೆ. ಯಾರೂ ಕೇಳಲಿಲ್ಲ."

ಆ ಕ್ಷಣ ನಾನೂ ಕೇಳಲಿಲ್ಲ. ಅವರು ಹೊರಟು ಹೋದ ಮೇಲೆ ಆ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳಿವೆ. ಒಂದರಲ್ಲಿ ಆಟ ಓಡುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ಕಾರ್ಡ್ ಸುಟ್ಟು ಹೋಗಿದ್ದರೆ ಎರಡರಲ್ಲೂ ತೆವಳಬೇಕಿತ್ತಲ್ಲವೇ? ಮರುದಿನ ಶಾಲೆ ಮುಗಿಸಿ ನಾನೇ ಅವರ ಮನೆಗೆ ಹೋದೆ. ಕಂಪ್ಯೂಟರ್ ನಾನು ಕಲಿತದ್ದು ಶಾಲೆಯ ಅಂಕಪಟ್ಟಿ ತಯಾರಿಸಲು ಮಾತ್ರ. ಆದುದರಿಂದ ಆ ದಿನ ಕಲಿಸಿದವನು ಅವನು, ಕಲಿತವಳು ನಾನು. ಕಲಿತದ್ದನ್ನು ನಿಮಗೂ ತಿಳಿಸುತ್ತೇನೆ. ಈಗ ಇಂಥ ಲ್ಯಾಪ್‌ಟಾಪ್‌ಗಳು ಹಲವು ಮನೆಗಳಲ್ಲಿವೆ.

ಮೊದಲ ಪ್ರಶ್ನೆ, ಹುಡುಗ ಎರಡನೇ ವ್ಯವಸ್ಥೆಯನ್ನು ಏಕೆ ಹಾಕಿದ? ಆಟಕ್ಕಾಗಿ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಬೇಕು. ಇವರದ್ದು ಏಳನೇ ತಲೆಮಾರಿನದ್ದು. ಯಂತ್ರ ಗಟ್ಟಿಯಾಗಿದೆ, ಆದರೆ ಹೊಸತಕ್ಕೆ ಪ್ರವೇಶವಿಲ್ಲ. ಆದುದರಿಂದ ಹುಡುಗ ಅರ್ಧ ಜಾಗವನ್ನು ವಿಂಡೋಸ್‌ಗೇ ಬಿಟ್ಟು ಉಳಿದರ್ಧದಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದ್ದ. ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ್ದು. ನಮ್ಮ ಪಕ್ಕದ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ. ಕಾಸರಗೋಡಿನಲ್ಲಿ ನೆಂಟರಿದ್ದರೆ ಕೇಳಿ ನೋಡಿ. ಇದು ವೈರಸ್ಸೂ ಅಲ್ಲ, ಕಳ್ಳ ಮಾಲೂ ಅಲ್ಲ.

ಎರಡನೇ ಪ್ರಶ್ನೆ, ಆಟ ಏಕೆ ತೆವಳುತ್ತಿತ್ತು? ಅವನ ಆಟ ಲಾರಿ ಓಡಿಸುವ 'ಯೂರೋ ಟ್ರಕ್ ಸಿಮ್ಯುಲೇಟರ್ 2'. ಪರದೆಯ ಮೇಲೆ ರಸ್ತೆ, ಮರ, ಸೇತುವೆ ಎಲ್ಲವೂ ಚಲಿಸಬೇಕಾದರೆ ಒಂದು ಸೆಕೆಂಡಿಗೆ ಹಲವು ಚಿತ್ರಗಳನ್ನು ಬಿಡಿಸುತ್ತಲೇ ಇರಬೇಕು. 60 ಚಿತ್ರ ಬಂದರೆ ನಯವಾಗಿ ಕಾಣುತ್ತದೆ, 30ಕ್ಕೆ ಆಡಬಹುದು, 10ಕ್ಕೆ ಇಳಿದರೆ ಲಾರಿ ಕುಂಟುತ್ತದೆ.

ಚಿತ್ರ ಬಿಡಿಸಲು ಇಂಥ ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ಇರುತ್ತಾರೆ. ಒಂದು ಪ್ರೊಸೆಸರಿನೊಳಗೇ ಇರುವ ಇಂಟೆಲ್‌ನ ಚಿಕ್ಕ ಗ್ರಾಫಿಕ್ಸ್. ಅದು ಕರೆಂಟ್ ಕಡಿಮೆ ತಿನ್ನುತ್ತದೆ, ದಿನನಿತ್ಯದ ಕೆಲಸಕ್ಕೆ ಸಾಕು. ಇನ್ನೊಂದು ಎನ್‌ವಿಡಿಯಾ ಕಂಪೆನಿಯ ದೊಡ್ಡ ಗ್ರಾಫಿಕ್ಸ್, ಭಾರದ ಕೆಲಸಕ್ಕೆ. ಇವರದ್ದರಲ್ಲಿ ಇರುವುದು ಎಂಎಕ್ಸ್150. ಹೀಗೆ ಇಬ್ಬರೂ ಹಂಚಿಕೊಂಡು ದುಡಿಯುವ ಏರ್ಪಾಡನ್ನು ಎನ್‌ವಿಡಿಯಾ 2010ರಲ್ಲಿ 'ಆಪ್ಟಿಮಸ್' ಎಂಬ ಹೆಸರಿನಲ್ಲಿ ತಂದಿತು.

ಈ ಚಿಪ್‌ಗಳಿಗೆ ಕಂಪ್ಯೂಟರಿನ ಮಾತು ತಾನಾಗಿ ಅರ್ಥವಾಗುವುದಿಲ್ಲ. ನಡುವೆ 'ಡ್ರೈವರ್' ಎಂಬ ತಂತ್ರಾಂಶ ಬೇಕು. ಇಂಟೆಲ್ ಮತ್ತು ಎಎಂಡಿ ಕಂಪೆನಿಗಳ ಡ್ರೈವರ್‌ಗಳು ಲಿನಕ್ಸ್‌ನೊಂದಿಗೇ ಬರುತ್ತವೆ. ಎನ್‌ವಿಡಿಯಾ ಬಹುಕಾಲ ತನ್ನ ಡ್ರೈವರಿನ ಒಳಗುಟ್ಟನ್ನು ಬಿಟ್ಟುಕೊಡಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ತುಂಬಿದ ಸಭೆಯೆದುರೇ ಆ ಕಂಪೆನಿಯ ಮೇಲೆ ಸಿಡಿಮಿಡಿಗೊಂಡದ್ದು ಇದಕ್ಕೇ. ಗುಟ್ಟು ಸಿಗದಿದ್ದಾಗ ಸ್ವಯಂಸೇವಕರು ಚಿಪ್‌ನ ವರ್ತನೆಯನ್ನು ನೋಡಿ ನೋಡಿಯೇ 'ನೂವೋ' ಎಂಬ ಉಚಿತ ಡ್ರೈವರನ್ನು ಬರೆದರು. ಮಿಂಟ್ ಹಾಕಿದಾಗ ಮೊದಲಿಗೆ ಸಿಗುವುದು ಅದೇ.

ಅದರಿಂದ ಪರದೆ ಬೆಳಗುತ್ತದೆ. ಆದರೆ ಎಂಎಕ್ಸ್150ರಂಥ ಚಿಪ್‌ಗಳಲ್ಲಿ ವೇಗ ಏರಿಸುವ ಬೀಗದ ಕೈ ಕಂಪೆನಿಯ ಬಳಿಯೇ ಇದೆ. ಮಿಕ್ಸಿಯ ಗುಂಡಿ ಒಂದನೇ ನಂಬ್ರದಲ್ಲೇ ಸಿಕ್ಕಿಕೊಂಡಿದೆ ಎಂದು ಭಾವಿಸಿ. ಜಾರಿಗೆ ತೆಂಗಿನಕಾಯಿ, ಮೆಣಸು ತುಂಬಿ ತಿರುಗಿಸಿದರೆ ಗುರ್ ಎಂದು ತಿರುಗುತ್ತದೆ, ಮಸಾಲೆ ಮಾತ್ರ ನುಣ್ಣಗಾಗುವುದಿಲ್ಲ. ಮೋಟಾರ್ ಸುಟ್ಟಿಲ್ಲ, ಗುಂಡಿ ತಿರುಗುತ್ತಿಲ್ಲ, ಅಷ್ಟೇ.

ಅಂಗಡಿಯವರು ತಪ್ಪಿದ್ದು ಇಲ್ಲಿಯೇ. ಅವರು ಲಿನಕ್ಸ್‌ನಲ್ಲೇ ಪರೀಕ್ಷೆ ಮಾಡಿದ್ದರು. ಚಿಕ್ಕ ಗ್ರಾಫಿಕ್ಸ್‌ನಲ್ಲಿ ಆಟ ಹೇಗೋ ಓಡುತ್ತಿತ್ತು. ದೊಡ್ಡದನ್ನು ಆರಿಸಿದೊಡನೆ ಇನ್ನೂ ನಿಧಾನವಾಯಿತು. ದೊಡ್ಡದು ಚಿಕ್ಕದಕ್ಕಿಂತ ಹಿಂದೆ ಬಿದ್ದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟರು. ಮೋಸವೆಂದು ನಾನು ಹೇಳಲಾರೆ, ಅವಸರ. ಒಮ್ಮೆ ವಿಂಡೋಸ್ ತೆರೆದು ನೋಡಿದ್ದರೆ ಸಾಕಿತ್ತು. ನಾವು ತೆರೆದೆವು. ಲಾರಿ ಹೆದ್ದಾರಿಯಲ್ಲಿ ನೀರು ಹರಿದಂತೆ ಓಡಿತು. ತಾಯಿ ಬಟ್ಟೆಗೆ ಚುಚ್ಚಿದ ಸೂಜಿಯನ್ನು ಹಾಗೆಯೇ ಬಿಟ್ಟು ಎದ್ದು ಬಂದು ನೋಡಿದರು. ಏನೂ ಹೇಳಲಿಲ್ಲ.

ಇನ್ನು ಪರಿಹಾರ. ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್' ಎಂಬುದಿದೆ. ಇಂಟರ್‌ನೆಟ್ ಹಾಕಿ ಅದನ್ನು ತೆರೆದರೆ ಯಂತ್ರಕ್ಕೆ ಒಪ್ಪುವ ಎನ್‌ವಿಡಿಯಾ ಡ್ರೈವರಿನ ಪಟ್ಟಿ ಬರುತ್ತದೆ. 'ಶಿಫಾರಸು ಮಾಡಲಾಗಿದೆ' ಎಂದಿರುವುದನ್ನು ಆರಿಸಬೇಕು. ತೀರಾ ಹೊಸತನ್ನು ಹುಡುಕಿ ಹಾಕಹೋಗಬಾರದು. ಏಕೆಂದರೆ ಎಂಎಕ್ಸ್150ರ ತಲೆಮಾರಿನ ಚಿಪ್‌ಗಳಿಗೆ ಎನ್‌ವಿಡಿಯಾದ 580ನೇ ಸರಣಿಯೇ ಕೊನೆಯದು. ಅದರ ಮುಂದಿನದ್ದು ಇವುಗಳನ್ನು ಗುರುತಿಸುವುದೇ ಇಲ್ಲ.

ಹುಡುಗ ಇದನ್ನು ಹಿಂದೆಯೂ ಒಮ್ಮೆ ಮಾಡಿದ್ದನಂತೆ, ಫಲಿಸಿರಲಿಲ್ಲ. ಕಾರಣ ಈ ಬಾರಿ ಗೊತ್ತಾಯಿತು. ಅಪರಿಚಿತ ತಂತ್ರಾಂಶ ಒಳನುಗ್ಗದಂತೆ ಕಾಯುವ 'ಸೆಕ್ಯೂರ್ ಬೂಟ್' ಎಂಬ ಕಾವಲು ಲ್ಯಾಪ್‌ಟಾಪ್‌ಗಳಲ್ಲಿರುತ್ತದೆ. ಹೊಸ ಡ್ರೈವರನ್ನು ಅದು ಬಾಗಿಲಲ್ಲೇ ತಡೆಯಬಹುದು. ಆಗ ಡ್ರೈವರ್ ಹಾಕುವಾಗಲೇ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಚಾಲನೆ ಮಾಡಿದೊಡನೆ ನೀಲಿ ಪರದೆಯೊಂದು ಬಂದು ಕೆಲವೇ ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿ, 'ಎನ್‌ರೋಲ್ ಮೋಕ್' ಎಂಬುದನ್ನು ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ಕಂಡು ಹುಡುಗ ಬೆದರಿ ಸುಮ್ಮನೆ ಕೂತಿದ್ದ. ಅವಕಾಶ ದಾಟಿಹೋಗಿತ್ತು. ಈ ಸಲ ಡ್ರೈವರನ್ನು ತೆಗೆದು ಮತ್ತೆ ಹಾಕಿದೆವು. ಪಾಸ್‌ವರ್ಡನ್ನು ನಾನು ಚೀಟಿಯಲ್ಲಿ ಬರೆದು ಹಿಡಿದುಕೊಂಡೆ, ಅವನು ಕೀಲಿ ಒತ್ತಿದ. ಲಿನಕ್ಸ್ ತೆರೆದುಕೊಂಡಿತು. ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ದೊಡ್ಡ ಗ್ರಾಫಿಕ್ಸನ್ನು ಆರಿಸಿದ. ಮೊದಲು 9ರಲ್ಲಿ ಕುಂಟುತ್ತಿದ್ದ ಲೆಕ್ಕ 40 ದಾಟಿತು. ಖರ್ಚು, ಒಂದು ಸಂಜೆ ಮತ್ತು ಎರಡು ಲೋಟ ಚಹಾ.

ನಿಮ್ಮ ಮನೆಯಲ್ಲೂ ಇಂಥ ಪ್ರಸಂಗ ಬಂದರೆ, ಹಣ ಬಿಚ್ಚುವ ಮೊದಲು ಇಷ್ಟನ್ನು ನೋಡಿ:

1. ಎರಡು ವ್ಯವಸ್ಥೆಗಳಿದ್ದರೆ ಎರಡರಲ್ಲೂ ಅದೇ ಆಟವನ್ನು ಓಡಿಸಿ ನೋಡಿ. ಒಂದರಲ್ಲಿ ಸರಿಯಿದ್ದರೆ ಕಾರ್ಡ್ ಸತ್ತಿಲ್ಲ.

2. ಲಿನಕ್ಸ್‌ನಲ್ಲಿ ಯಂತ್ರದ ಮಾಹಿತಿ ತೋರಿಸುವ ಪುಟದಲ್ಲಿ 'ಗ್ರಾಫಿಕ್ಸ್' ಎಂಬಲ್ಲಿ ಏನಿದೆ ಓದಿ. ಅಲ್ಲಿ 'ಎಲ್‌ಎಲ್‌ವಿಎಮ್‌ಪೈಪ್' ಎಂದಿದ್ದರೆ ಯಾವ ಗ್ರಾಫಿಕ್ಸ್ ಚಿಪ್ಪೂ ದುಡಿಯುತ್ತಿಲ್ಲ, ಪ್ರೊಸೆಸರ್ ಒಂದೇ ಎಲ್ಲ ಚಿತ್ರ ಬಿಡಿಸುತ್ತಿದೆ ಎಂದರ್ಥ.

3. ಚಾರ್ಜರ್ ಸಿಕ್ಕಿಸಿ, ಗಟ್ಟಿ ಮೇಜಿನ ಮೇಲಿಟ್ಟು ನೋಡಿ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ಬಿಸಿಯಾಗುತ್ತದೆ, ಬಿಸಿಯಾದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಕೂತ ಧೂಳೂ ಇದೇ ಕೆಲಸ ಮಾಡುತ್ತದೆ.

4. ದೊಡ್ಡ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪಾದರೆ, ರ‍್ಯಾಮ್ ಒಂದೇ ಪಟ್ಟಿಯಲ್ಲಿದೆಯೇ ಕೇಳಿ. ಚಿಕ್ಕ ಗ್ರಾಫಿಕ್ಸ್ ಬಳಸುವುದು ಆ ರ‍್ಯಾಮನ್ನೇ. ಜಾಗ ಖಾಲಿಯಿದ್ದು ಇನ್ನೊಂದು ಪಟ್ಟಿ ಹಾಕಿದರೆ ಆಟದ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ.

5. ಆಟ ಲಿನಕ್ಸ್‌ಗೆ ಬರುತ್ತದೆಯೇ ತಿಳಿದುಕೊಳ್ಳಿ. ವಿಂಡೋಸ್‌ಗೆಂದು ಮಾಡಿದ ಎಷ್ಟೋ ಆಟಗಳು ಈಗ ಇಲ್ಲೂ ಓಡುತ್ತವೆ. ಅದಕ್ಕೆ ಕಾರಣ 2018ರಲ್ಲಿ ವಾಲ್ವ್ ಕಂಪೆನಿ ತಂದ 'ಪ್ರೋಟಾನ್'. ಅದರ ಬುನಾದಿ 1993ರಲ್ಲಿ ಆರಂಭವಾದ 'ವೈನ್' ಎಂಬ ತಂತ್ರಾಂಶ. ಹೆಸರು ಕೇಳಿ ಹೌಹಾರಬೇಡಿ, ಅದು ಕೆಲವು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಮಾತ್ರ! ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್‌ನಂಥ ಆಟಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಆಟದಲ್ಲಿ ಮೋಸ ತಡೆಯುವ ಅವುಗಳ ಕಾವಲು ತಂತ್ರಾಂಶಕ್ಕೆ ಇಲ್ಲಿ ಅನುಮತಿಯನ್ನು ಆ ಕಂಪೆನಿಗಳೇ ಕೊಟ್ಟಿಲ್ಲ. ಅದಕ್ಕೆ ಡ್ರೈವರ್ ಬದಲಿಸಿಯೂ ಫಲವಿಲ್ಲ, ಹೊಸ ಲ್ಯಾಪ್‌ಟಾಪ್ ಕೊಂಡೂ ಫಲವಿಲ್ಲ.

ಇನ್ನೊಂದು ಮಾತು. ಎರಡನೇ ವ್ಯವಸ್ಥೆ ಹಾಕುವ ಮೊದಲು ಫೋಟೋ, ಅಂಕಪಟ್ಟಿ, ದಾಖಲೆಗಳನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಇಡಲೇಬೇಕು. ಜಾಗ ಹಂಚುವಾಗ ಕೈತಪ್ಪಿದರೆ ಎಲ್ಲವೂ ಅಳಿಸಿಹೋದೀತು. ಹಾಕಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದೊಳಗೆ ಅಂತಾರಾಷ್ಟ್ರೀಯ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಒಂದು ಆದೇಶ ಕೊಟ್ಟರೆ ಸರಿಯಾಗುತ್ತದೆ. ನೆರೆಮನೆಯ ತಾಯಿ ಇದನ್ನೂ ಯಂತ್ರ ಕೆಟ್ಟದ್ದರ ಲಕ್ಷಣವೆಂದೇ ತಿಳಿದಿದ್ದರು.

ಸಹೋದರಿಯರೇ, ಮಗ ಎಷ್ಟು ಹೊತ್ತು ಆಡಬೇಕು ಎಂಬುದು ಒಂದು ಪ್ರಶ್ನೆ. ಯಂತ್ರ ಏಕೆ ನಿಧಾನವಾಯಿತು ಎಂಬುದು ಬೇರೆಯೇ ಪ್ರಶ್ನೆ. ಆಟದ ಮೇಲಿನ ಸಿಟ್ಟಿನಲ್ಲಿ ನಾವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದೆವು. ಆಟವಾಡುವವನ ಮಾತಿಗೆ ಬೆಲೆಯಿಲ್ಲ ಎಂದುಕೊಂಡೆವು. ಆ ಮನೆಯಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ.

ಅಂದು ನಾನು ಹೊರಡುವಾಗ ತಾಯಿ ಬಾಗಿಲವರೆಗೆ ಬಂದರು. "ನಾಲ್ಕು ದಿನ ಅವನ ಹತ್ರ ಸರಿಯಾಗಿ ಮಾತಾಡಲಿಲ್ಲ ಟೀಚರ್," ಎಂದರು. "ನನ್ನ ಹತ್ರ ಅಲ್ಲ, ಅವನ ಹತ್ರ ಹೇಳಿ," ಎಂದೆ. ನನ್ನ ಪಾಲಿನದ್ದನ್ನು ನಾನು ಆಗಲೇ ಹೇಳಿ ಮುಗಿಸಿದ್ದೆ. "ಟೀಚರ್, ಪರವಾಗಿಲ್ಲ" ಎಂದಿದ್ದ ಹುಡುಗ.

14 ಸಾವಿರ ಉಳಿಯಿತು. ಅದರಲ್ಲಿ ಹೊಲಿಗೆ ಯಂತ್ರಕ್ಕೊಂದು ಮೋಟಾರ್ ಹಾಕಿಸುತ್ತಾರಂತೆ. ಯಾವ ಮೋಟಾರ್ ಒಳ್ಳೆಯದೆಂದು ವಿಚಾರಿಸುವ ಕೆಲಸವನ್ನು ಈ ಸಲ ಮಗನಿಗೇ ಕೊಟ್ಟಿದ್ದಾರೆ.