ಹಿಂದೆ ಬಿದ್ದ ಮೇಲಿನ ಆಟ

ಸಂತೋಷ್ ಟ್ರೋಫಿ ಎಂಬುದು ರಾಜ್ಯ ರಾಜ್ಯಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ. ನಮ್ಮ ರಾಜ್ಯಕ್ಕೆ ಇನ್ನೂ ‘ಮೈಸೂರು’ ಎಂಬ ಹೆಸರಿದ್ದಾಗ, 1968-69ರಲ್ಲಿ, ನಮ್ಮ ತಂಡ ಅದನ್ನು ಗೆದ್ದಿತ್ತು. ಆಮೇಲೆ 54 ವರ್ಷ ಅದು ಕೈಗೆ ಸಿಗಲಿಲ್ಲ. ಆಗ ಆಡಿದವರ ಮೊಮ್ಮಕ್ಕಳು ಅಂಗಳಕ್ಕೆ ಇಳಿಯುವಷ್ಟು ದೀರ್ಘ ಕಾಲ!

2023ರ ಮಾರ್ಚ್ ತಿಂಗಳು. ಸೌದಿ ಅರೇಬಿಯದ ರಿಯಾದ್‌ನಲ್ಲಿ ಸೆಮಿಫೈನಲ್. ಎದುರಾಳಿ ಬಲಿಷ್ಠ ಸರ್ವಿಸಸ್. ಮೊದಲ ಗೋಲೂ ಅವರದೇ. ಕರ್ನಾಟಕದ ಹುಡುಗರು ಕೈಚೆಲ್ಲಲಿಲ್ಲ, ವಿರಾಮಕ್ಕೂ ಕಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ರಾಬಿನ್ ಯಾದವ್ ಸಮ ಮಾಡಿದರು. ವಿರಾಮಕ್ಕೆ ಮುನ್ನವೇ ಅಂಕಿತ್ ಮುನ್ನಡೆ ತಂದರು. ಸುನಿಲ್ ಕುಮಾರ್ ಮೂರನೆಯದನ್ನು ಸೇರಿಸಿದಾಗ 3-1. ಗಾಳಿ ತಿರುಗಿದ್ದು ಇಲ್ಲೇ.

ಮಾರ್ಚ್ 4ರ ಫೈನಲ್‌ನಲ್ಲೂ ಕರ್ನಾಟಕದ ಮೊದಲ ಗೋಲಿಗೆ ಮೇಘಾಲಯ ಬೇಗನೆ ಉತ್ತರ ಕೊಟ್ಟಿತು. ನಮ್ಮವರು ಮತ್ತೆ ಮುನ್ನಡೆ ಪಡೆದು 3-2ರಿಂದ ಗೆದ್ದರು.

ವಿದ್ಯಾರ್ಥಿಗಳೇ, ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಅದು ಎದುರಾಳಿಯ ಮೊದಲ ಗೋಲು, ಅಷ್ಟೇ. ತಪ್ಪಿದ ಲೆಕ್ಕವನ್ನು ಅದೇ ಸಂಜೆ ಮತ್ತೆ ಮಾಡಿ ನೋಡಿ. ಪಾಲಕರೇ, ಆ ಸಂಜೆ ಮಗುವನ್ನು ಬೈಯುವುದಕ್ಕಿಂತ ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಕೊನೆಯ ಸೀಟಿ ಇನ್ನೂ ಊದಿಲ್ಲ.