ಬೆಟ್ಟ ಗೊತ್ತಿಲ್ಲದವರ ಹಿಂದೆ ಬೆಟ್ಟ ಹತ್ತುವುದು

ವಾರಾಂತ್ಯದ ರಾತ್ರಿ ಹನ್ನೆರಡು ದಾಟಿದ ಮೇಲೆ ಕಲ್ಯಾಣ್ ಸ್ಟೇಷನ್ನಿನಲ್ಲಿ ಕಸಾರಾ ಕಡೆಯ ಕೊನೆಯ ಲೋಕಲ್‌ಗೆ ಕಾಯುವವರಲ್ಲಿ ಎರಡು ಬಗೆ. ಪಾಳಿ ಮುಗಿಸಿ ಮನೆಗೆ ಹೊರಟವರು ಒಂದು ಕಡೆ, ಮನೆಯಿಂದ ಬೆಟ್ಟಕ್ಕೆ ಹೊರಟವರು ಇನ್ನೊಂದು ಕಡೆ. ಎರಡನೆಯವರ ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು, ಕಾಲಿಗೆ ಹೊಸ ಶೂ. ಥಾಣೆಯಲ್ಲಿ ಹತ್ತಿದವರು, ಡೊಂಬಿವಲಿಯಲ್ಲಿ ಹತ್ತಿದವರು, ನವಿಮುಂಬಯಿಯಿಂದ ಬಂದು ಸೇರಿಕೊಂಡವರು ಎಂದು ಒಬ್ಬ ಹುಡುಗ ಫೋನಿನಲ್ಲಿ ಹೆಸರಿಗೆ ಗುರುತು ಹಾಕಿಕೊಳ್ಳುತ್ತಿರುತ್ತಾನೆ. ಅವನೇ ಲೀಡರ್. ವಯಸ್ಸಿನಲ್ಲಿ ಉಳಿದವರಿಗಿಂತ ದೊಡ್ಡವನೇನೂ ಅಲ್ಲ.

ಹೊರಡುವ ಮೊದಲು ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಆಗುವ ಮಾತು ಹೆಚ್ಚುಕಡಿಮೆ ಒಂದೇ ಥರ.

‘ಯಾರ ಜೊತೆ ಹೋಗ್ತಿದ್ದೀ?’

‘ಗ್ರೂಪ್ ಜೊತೆ ಅಮ್ಮಾ.’

‘ಗುರ್ತದವರಾ?’

‘ಎಲ್ಲರೂ ಹೋಗ್ತಾರೆ. ಲೀಡರ್ ಇರ್ತಾನಲ್ಲ.’

ಅಲ್ಲಿಗೆ ಮಾತು ಮುಗಿಯುತ್ತದೆ. ಕುಂದಾಪುರದ್ದೋ ಕಾರ್ಕಳದ್ದೋ ಆದ ಆ ತಾಯಿ, ಘಾಟಿ ಎಂದರೆ ಕತ್ತಲಾಗುವ ಮೊದಲು ದಾಟಬೇಕಾದ ಜಾಗ ಎಂದು ಕೇಳಿ ಬೆಳೆದವಳು. ಮಗಳು ಅದೇ ಘಟ್ಟಸಾಲಿನ ನೆತ್ತಿಯ ಮೇಲೆ ಟೆಂಟು ಹಾಕಿ ರಾತ್ರಿ ಕಳೆಯುತ್ತಾಳೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೊಂದು ಪ್ರಶ್ನೆ ಕೇಳದೆ ಉಳಿಯಿತು: ಆ ಲೀಡರಿಗೆ ಆ ಬೆಟ್ಟ ಎಷ್ಟು ಗೊತ್ತು?

ಮುಂಬಯಿ ಸುತ್ತಲಿನ ಚಾರಣದ ವ್ಯಾಪಾರ ಈ ಪ್ರಶ್ನೆಯನ್ನು ಯಾರೂ ಕೇಳದಿರುವುದರ ಮೇಲೆಯೇ ನಿಂತಿದೆ. ಇದಕ್ಕೆ ಕಚೇರಿ ಬೇಡ, ಬಂಡವಾಳ ಬೇಡ. ಇನ್‌ಸ್ಟಾಗ್ರಾಂನಲ್ಲೊಂದು ಖಾತೆ, ವಾಟ್ಸಾಪ್ ಗುಂಪು, ಹಣ ಬೀಳಲು ಯುಪಿಐ ನಂಬರು ಇದ್ದರೆ ಸಾಕು. ತಲೆಗೆ ಸಾವಿರ, ಒಂದೂವರೆ ಸಾವಿರ ಎಂದು ಹಿಡಿದರೂ ನಲವತ್ತು ಜನರಿಂದ ಒಂದು ರಾತ್ರಿಗೆ ನಲವತ್ತರಿಂದ ಅರವತ್ತು ಸಾವಿರ ಸೇರುತ್ತದೆ. ಅದರಲ್ಲಿ ಬೆಟ್ಟದ ಬುಡದ ಊರಿಗೆ ಎಷ್ಟೋ ಸಲ ಹೋಗುವುದು ಬೆಳಗಿನ ಅವಲಕ್ಕಿ, ಮಧ್ಯಾಹ್ನದ ಪಿಠಲೆ ಭಾಕ್ರಿಯ ದುಡ್ಡು ಮಾತ್ರ. ದಾರಿ ಬಲ್ಲವನಿಗೆ ಊಟದ ತಟ್ಟೆಯ ಲೆಕ್ಕದಲ್ಲಿ ಹಣ, ದಾರಿಯನ್ನು ವಿಡಿಯೋದಲ್ಲಿ ನೋಡಿ ಬಂದವನಿಗೆ ಮುಂದಾಳಿನ ಪಟ್ಟ. ಈ ವ್ಯವಸ್ಥೆ ತಲೆಕೆಳಗಾಗಿದೆ. ಬೆಟ್ಟ ಹತ್ತಿಸುವವರು ಆ ಬೆಟ್ಟದವರೇ ಆಗಿರಬೇಕು. ‘ಇವತ್ತು ಬೇಡ, ಹಿಂದಿರುಗಿ’ ಎನ್ನುವ ಅಧಿಕಾರವೂ ಅವರದೇ ಆಗಬೇಕು. ಇಷ್ಟು ಆಗದ ಹೊರತು ಪ್ರತಿ ಮಳೆಗಾಲದಲ್ಲೂ ಅದೇ ಸುದ್ದಿ, ಅದೇ ಶೋಕ, ಅದೇ ನಿಷೇಧ.

ಕಲ್ಯಾಣ್‌ಗೂ ಘಟ್ಟದ ದಾರಿಗೂ ಇರುವ ನಂಟು ಹೊಸದಲ್ಲ. ಎರಡು ಸಾವಿರ ವರ್ಷದ ಹಿಂದೆ ಕಲ್ಯಾಣ್ ಬಂದರಿನ ಸರಕು ಇಂದಿನ ಮುರ್ಬಾಡ್ ಕಡೆಯಿಂದ ನಾಣೇಘಾಟ್ ಹತ್ತಿ ಜುನ್ನರ್‌ಗೆ ಹೋಗುತ್ತಿತ್ತು. ಕಣಿವೆಯ ತಲೆಯಲ್ಲಿರುವ ಗುಹೆಯಲ್ಲಿ ಶಾತವಾಹನರ ಬ್ರಾಹ್ಮೀ ಶಾಸನವಿದೆ, ರಾಣಿ ನಾಗನಿಕಾಳದು ಎಂದು ಪ್ರಸಿದ್ಧ. ಅಲ್ಲೇ ಹತ್ತಿರದಲ್ಲಿ ಕಲ್ಲಿನ ದೊಡ್ಡ ಹಂಡೆಯೊಂದಿದೆ. ಘಾಟಿ ಹತ್ತಿ ಬಂದವರು ಸುಂಕದ ನಾಣ್ಯ ಹಾಕುತ್ತಿದ್ದದ್ದು ಅದರಲ್ಲೇ ಎನ್ನುತ್ತಾರೆ. ನಾಣೇಘಾಟ್ ಎಂಬ ಹೆಸರಿನಲ್ಲಿರುವ ನಾಣ್ಯ ಕನ್ನಡದ ಕಿವಿಗೂ ಕೇಳಿಸುತ್ತದೆ. ಸುಂಕ ಎಂದರೆ ರಾಜನ ಬೊಕ್ಕಸ ತುಂಬಿಸುವುದಷ್ಟೇ ಅಲ್ಲ. ತೆಗೆದುಕೊಂಡವನು ದಾರಿಯ ಹೊಣೆಯನ್ನೂ ಹೊರಬೇಕು. ಇಂದು ಸುಂಕ ಕಲ್ಯಾಣ್ ಸ್ಟೇಷನ್ನಿನಲ್ಲೇ ಫೋನಿನಿಂದ ಫೋನಿಗೆ ಹೋಗಿಬಿಡುತ್ತದೆ. ಹೊಣೆ ಮಾತ್ರ ಘಾಟಿಯಲ್ಲಿ ವಾರಸುದಾರರಿಲ್ಲದೆ ಬಿದ್ದಿದೆ.

ದಾರಿ ಬಲ್ಲವರು ಬೇಕು ಎನ್ನುವುದು ಹಳ್ಳಿಯವರ ಮೇಲಿನ ಕನಿಕರದ ಮಾತಲ್ಲ. ಸಹ್ಯಾದ್ರಿಯ ಈ ಭಾಗ ಲಾವಾ ಪದರದ ಮೇಲೆ ಪದರ ಕೂತು ಆದ ಕಪ್ಪು ಶಿಲೆ. ನೆಟ್ಟಗೆ ಗೋಡೆ, ನಡುವೆ ಮಟ್ಟಸವಾದ ಅಂಚು, ಮತ್ತೆ ಗೋಡೆ. ಬೇಸಿಗೆಯಲ್ಲಿ ಹತ್ತುವ ದಾರಿಯಾದ ಕೊರಕಲು ಮಳೆಗಾಲದಲ್ಲಿ ನೀರಿನ ದಾರಿ. ಮೇಲೆಲ್ಲೋ ಮಳೆ ಸುರಿದರೆ ಕೆಳಗೆ ಬಿಸಿಲಿದ್ದಾಗಲೇ ಹಳ್ಳ ಏರುತ್ತದೆ. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಆಳೆತ್ತರ ಹುಲ್ಲು ಬೆಳೆದಾಗ ದನಗಳ ಜಾಡು ಯಾವುದು, ಜನರ ಜಾಡು ಯಾವುದು ಎಂದು ಹೇಳಬಲ್ಲವರು ಅಲ್ಲಿ ದನ ಮೇಯಿಸಿದವರೇ. 1,424 ಮೀಟರ್ ಎತ್ತರದ ಹರಿಶ್ಚಂದ್ರಗಡವನ್ನೇ ನೋಡಿ. ಪಾಚನಯಿ ಕಡೆಯಿಂದ ಹತ್ತಿದರೆ ದಾರಿ ಸಲೀಸು. ಖಿರೇಶ್ವರದಿಂದ ತೋಲಾರ್ ಖಿಂಡಿಯ ದಾರಿ ಉದ್ದ, ಮಂಜಿನಲ್ಲಿ ದಿಕ್ಕು ತಪ್ಪಿಸುವಂಥದ್ದು. ನಳೀಚಿ ವಾಟ್ ಎಂಬುದು ಉರುಳುಗಲ್ಲುಗಳ ಕೊರಕಲಿನಲ್ಲಿ ಕೈಕಾಲು ಊರಿ ಏರಬೇಕಾದ ದಾರಿ. ಬೆಟ್ಟ ಒಂದೇ, ಅಪಾಯ ಮೂರು ಬಗೆ. ಪೋಸ್ಟರಿನ ಮೇಲೆ ಮಾತ್ರ ಕೊಂಕಣ ಕಡಾದ ಒಂದೇ ಸೂರ್ಯಾಸ್ತ.

ಟೆಂಟಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಾಡಿನಲ್ಲಿ ಎಲ್ಲಿ ಬೇಕಾದರೂ ತಂಗುವ ಹಕ್ಕನ್ನು ಸ್ಕಾಟ್ಲೆಂಡ್ 2003ರಲ್ಲಿ ಕಾನೂನು ಮಾಡಿಯೇ ಕೊಟ್ಟಿದೆ. ಅದರ ಜೊತೆಗಿರುವ ಸಂಹಿತೆ ಹೇಳುವುದೇನು? ಸಣ್ಣ ಗುಂಪು, ಹಗುರ ಸಾಮಾನು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚಿಲ್ಲ, ಹೋದ ಮೇಲೆ ಗುರುತು ಉಳಿಯಬಾರದು. ಇಲ್ಲಿ ಒಂದು ಬಯಲಿನಲ್ಲಿ ಸಾಲು ಸಾಲು ಟೆಂಟು, ಸ್ಪೀಕರು, ಬೆಂಕಿ. ಮುಂಗಾರಿಗೆ ಮೊದಲಿನ ವಾರಗಳಲ್ಲಿ ಮಿಣುಕುಹುಳ ನೋಡಲು ಬಂದವರು ಟಾರ್ಚು ಹಾಕಿಕೊಂಡೇ ಮಿಣುಕುಹುಳ ಹುಡುಕುತ್ತಾರೆ. ಕೋಟೆಗಳ ಮೇಲೆ ಕುಡಿಯುವ ನೀರಿಗೆ ಆಸರೆ ಬಂಡೆಯಲ್ಲಿ ಕೊರೆದ ಟಾಕೆಗಳು; ಅದರ ದಡದಲ್ಲೇ ತಟ್ಟೆ ತೊಳೆಯಲಾಗುತ್ತದೆ. ಮುಂದಿನ ವಾರ ಅದೇ ನೀರನ್ನು ಕುಡಿಯಬೇಕಾದವನೊಬ್ಬ ಜೊತೆಗಿದ್ದಿದ್ದರೆ ಅದಕ್ಕೆ ಬಿಡುತ್ತಿದ್ದನೇ?

ನಗರಕ್ಕೂ ಬೆಟ್ಟದ ಊರಿಗೂ ಇರುವ ಸಂಬಂಧ ಎಂಥದ್ದು ಎನ್ನುವುದು 2023ರ ಜುಲೈ 19ರ ರಾತ್ರಿ ಬಯಲಾಯಿತು. ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನಲ್ಲಿ, ಪನ್ವೇಲ್‌ನಿಂದ ಹೆಚ್ಚು ದೂರವಿಲ್ಲದ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ಠಾಕರ್ ಆದಿವಾಸಿಗಳ ಊರು ಅದು. ಇರ್ಶಾಳಗಡ ಹತ್ತುವವರಿಗೆ ಅದು ‘ಬೇಸ್ ವಿಲೇಜ್’. ಚಹಾ ಕುಡಿದು, ನೀರು ತುಂಬಿಸಿಕೊಂಡು ಮುಂದೆ ಹೋಗುವ ಜಾಗ. ಊರಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಮಣ್ಣು ಅಗೆಯುವ ಯಂತ್ರ ಮೇಲೆ ಹೋಗಲಾಗದೆ ಗುದ್ದಲಿ ಹಾರೆಗಳಲ್ಲೇ ಅಗೆಯಬೇಕಾಯಿತು. ನೆರವಿಗೆಂದು ಮಳೆಯಲ್ಲಿ ಬೆಟ್ಟ ಏರುತ್ತಿದ್ದ ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ದಾರಿಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಜುಲೈ 23ರಂದು ಶೋಧ ನಿಲ್ಲಿಸಿದಾಗ ಸಿಕ್ಕಿದ್ದು 27 ಶವ, ಸಿಗದೇ ಉಳಿದವರು 57 ಮಂದಿ. ಕುಸಿತದ ಅಪಾಯವಿರುವ ಊರುಗಳ ಸರ್ಕಾರಿ ಪಟ್ಟಿಯಲ್ಲಿ ಇರ್ಶಾಳವಾಡಿಯ ಹೆಸರೇ ಇರಲಿಲ್ಲ.

ಆ ಪಟ್ಟಿಯಲ್ಲಿ ಹೆಸರಿಲ್ಲದ ಊರು ಚಾರಣದ ಪೋಸ್ಟರುಗಳಲ್ಲಿ ಇತ್ತು. ಥಾಣೆ, ಡೊಂಬಿವಲಿ, ನವಿಮುಂಬಯಿಯ ಸಾವಿರಾರು ಕಾಲುಗಳು ಅದರ ಅಂಗಳದಲ್ಲಿ ಹಾದುಹೋಗಿದ್ದವು. ಗುಡ್ಡ ಕುಸಿದದ್ದು ಚಾರಣಿಗರಿಂದ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸುದ್ದಿ ತಿಳಿದು ನೆರವಿಗೆ ಓಡಿದವರಲ್ಲಿ ಚಾರಣಿಗರೂ ಇದ್ದರು, ಅದು ಅವರ ದೊಡ್ಡತನ. ಆದರೆ ಅಷ್ಟು ವರ್ಷ ಅಷ್ಟು ಜನ ನಡೆದರೂ ಆ ಊರಿಗೆ ಒಂದು ರಸ್ತೆ ಕೇಳುವ ಧ್ವನಿ ಹುಟ್ಟಲಿಲ್ಲ. ಊರಿನ ಯುವಕರು ವಾರಾಂತ್ಯದ ಈ ವ್ಯಾಪಾರದಲ್ಲಿ ಪಾಲುದಾರರಾಗಿದ್ದರೆ, ನಗರದಲ್ಲಿ ಅವರ ಹೆಸರು ನಾಲ್ಕು ಜನಕ್ಕೆ ಗೊತ್ತಿದ್ದರೆ, ಆ ಧ್ವನಿ ಹುಟ್ಟುವ ಸಾಧ್ಯತೆಯಾದರೂ ಇತ್ತು. ಚಹಾ ಮಾರುವವನ ಮನೆಯ ಹಿಂದಿನ ಗುಡ್ಡ ಹೇಗಿದೆ ಎಂದು ಚಹಾ ಕುಡಿಯುವವರು ಕೇಳುವುದಿಲ್ಲ.

ಸರ್ಕಾರದ ಉತ್ತರ ಸುಲಭದ್ದು: ನಿಷೇಧ. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಬೆನ್ನಿಗೇ ಪ್ರತಿಬಂಧಕಾಜ್ಞೆ ಬಂತು. ಮೊದಲು ಅದನ್ನು 144ನೇ ಸೆಕ್ಷನ್ ಎನ್ನುತ್ತಿದ್ದರು, ಆ ಜುಲೈಯಿಂದ ಹೊಸ ಸಂಹಿತೆಯ 163. ಜಲಪಾತ, ಕೆರೆ, ಕಣಿವೆಗಳಿಗೆ ಮಳೆಗಾಲ ಬಂದಾಗಲೆಲ್ಲ ಇಂಥ ಆಜ್ಞೆ ಹೊರಡುತ್ತದೆ. ಇದರಿಂದ ಏಟು ಬೀಳುವುದು ಯಾರಿಗೆ? ಆ ಎರಡು ತಿಂಗಳ ಗಳಿಕೆಯನ್ನೇ ನಂಬಿ ಜೋಳ, ಶೇಂಗಾ, ಚಹಾದ ಅಂಗಡಿ ಇಟ್ಟ ಊರಿನವರಿಗೆ. ಸಂಘಟಕನಿಗೆ ನಷ್ಟವಿಲ್ಲ, ಪೋಸ್ಟರಿನಲ್ಲಿ ಬೆಟ್ಟದ ಹೆಸರು ಬದಲಿಸಿದರೆ ಆಯಿತು, ಪೊಲೀಸರಿಲ್ಲದ ಇನ್ನೊಂದು ಕಣಿವೆಗೆ ಅದೇ ಬಸ್ಸು ಹೋಗುತ್ತದೆ. ನಿಷೇಧ ಜಾಗಕ್ಕೆ ಬೀಳುತ್ತದೆ, ಹೊಣೆಗೇಡಿತನಕ್ಕೆ ಬೀಳುವುದಿಲ್ಲ. ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರ 2021ರಲ್ಲೇ ಸಾಹಸ ಪ್ರವಾಸೋದ್ಯಮ ನೀತಿ ತಂದಿದೆ. ಸಂಘಟಕರು ಪ್ರವಾಸೋದ್ಯಮ ನಿರ್ದೇಶನಾಲಯದಲ್ಲಿ ನೋಂದಾಯಿಸಿಕೊಳ್ಳಬೇಕು ಎಂದು ಅದರಲ್ಲಿದೆ. ಕಸಾರಾ ಲೋಕಲಿನಲ್ಲಿ ಲೀಡರನ್ನು ನೋಂದಣಿ ಸಂಖ್ಯೆ ಕೇಳಿ ನೋಡಿದರೆ ಆ ನೀತಿ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯುತ್ತದೆ.

ಈ ಗುಂಪುಗಳ ಪರವಾಗಿಯೂ ಹೇಳಬೇಕಾದದ್ದಿದೆ. ಹಿಂದೆ ಬೆಟ್ಟ ಹತ್ತಬೇಕಾದರೆ ಹಳೆಯ ಗಿರಿಭ್ರಮಣ ಸಂಸ್ಥೆಗಳ ಪರಿಚಯ ಬೇಕಿತ್ತು, ಇಲ್ಲವೇ ಕಾಲೇಜಿನ ಗೆಳೆಯರ ಬಳಗ ಬೇಕಿತ್ತು. ಒಂಟಿ ಹುಡುಗಿಗೆ, ಊರಿಗೆ ಹೊಸದಾಗಿ ಬಂದ ಕೆಲಸಗಾರನಿಗೆ, ನಲವತ್ತು ದಾಟಿದ ಗೃಹಿಣಿಗೆ ಬೆಟ್ಟದ ಬಾಗಿಲು ತೆರೆದದ್ದು ಈ ವಾಟ್ಸಾಪ್ ಗುಂಪುಗಳೇ. ಜವಾಬ್ದಾರಿಯಿಂದ ನಡೆಸುವ ಸಂಘಟಕರೂ ಇದ್ದಾರೆ. ತೆರೆದ ಬಾಗಿಲನ್ನು ಮುಚ್ಚಿ ಎಂದು ಕೇಳುವುದು ಅನ್ಯಾಯ. ಬಾಗಿಲಲ್ಲಿ ನಿಲ್ಲುವವರು ಯಾರು ಎಂಬುದಷ್ಟೇ ತಕರಾರು.

‘ಸ್ಥಳೀಯ ಮಾರ್ಗದರ್ಶಕರಿದ್ದರೂ ಜನ ಸಾಯುತ್ತಾರಲ್ಲ’ ಎನ್ನುವವರಿದ್ದಾರೆ. ಮಾತು ನಿಜ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ 22 ಜನರ ತಂಡದಲ್ಲಿ ಅಲ್ಲಿಯ ಮಾರ್ಗದರ್ಶಕರೂ ಇದ್ದರು. ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಕರ್ನಾಟಕದ ಮನೆಗಳು ಆ ದುಃಖವನ್ನು ಇನ್ನೂ ಮರೆತಿಲ್ಲ. ಹವಾಮಾನದ ಮುಂದೆ ಯಾರ ಜಾಣತನವೂ ಪೂರ್ತಿ ನಡೆಯುವುದಿಲ್ಲ. ಹಾಗಾಗಿಯೇ ಸ್ಥಳೀಯನೊಬ್ಬ ಜೊತೆಗಿದ್ದರೆ ಸಾಲದು, ಅವನ ಮಾತು ನಡೆಯಬೇಕು. ಶಿಖರ ಮುಟ್ಟಿಸಿದರೆ ಮಾತ್ರ ಕೂಲಿ ಎಂದರೆ ಅವನು ಮೋಡ ನೋಡಿಯೂ ಸುಮ್ಮನಾಗುತ್ತಾನೆ. ಅರ್ಧಕ್ಕೆ ಹಿಂದಿರುಗಿದರೂ ಪೂರ್ತಿ ದಿನಗೂಲಿ ಎಂದಾದಾಗಲೇ ಅವನ ಬಾಯಿ ತೆರೆಯುತ್ತದೆ.

ಇದು ಆಗದ ಕೆಲಸವೇನಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯ ಕಾಡ್ಗಿಚ್ಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಆ ರಾಜ್ಯ ಮೊದಲು ನಿಯಮ ಮಾಡಿತು. 2024ರಲ್ಲಿ ನಲವತ್ತು ದಾರಿಗಳನ್ನು ಗೊತ್ತುಮಾಡಿ, ಆಯಾ ಬೆಟ್ಟದ ಆದಿವಾಸಿ ಯುವಕ ಯುವತಿಯರನ್ನೇ ತರಬೇತಿ ಕೊಟ್ಟು ಮುಂದೆ ನಿಲ್ಲಿಸಿತು. ಕರ್ನಾಟಕ ಅದೇ ವರ್ಷ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಸೇರಿದ ಜನರನ್ನು ಕಂಡು, ಚಾರಣವನ್ನು ಆನ್‌ಲೈನ್ ನೋಂದಣಿಗೆ ಒಳಪಡಿಸಿ ದಿನಕ್ಕೆ 300 ಜನರ ಮಿತಿ ಹಾಕಿತು. ಪನ್ವೇಲ್ ಹತ್ತಿರದ ಪ್ರಬಲಮಾಚಿಯಲ್ಲಿ ಊರಿನ ಮನೆಯವರೇ ಊಟ, ವಸತಿ, ಟೆಂಟು ನಡೆಸುತ್ತಾರೆ. ಊರಿನವರಿಗೆ ವ್ಯವಹಾರ ಬಾರದು ಎನ್ನುವವರು ಅಲ್ಲಿಗೊಮ್ಮೆ ಹೋಗಿ ಬರಲಿ. ಪ್ರಥಮ ಚಿಕಿತ್ಸೆ ಕಲಿಸುವುದಕ್ಕೆ ವಾರಗಳು ಸಾಕು. ಒಂದು ಬೆಟ್ಟವನ್ನು ನಾಲ್ಕು ಋತುಗಳಲ್ಲಿ ತಿಳಿಯುವುದಕ್ಕೆ ಬಾಲ್ಯವೇ ಬೇಕು.

ಮಾಡಬೇಕಾದದ್ದು ನಾಲ್ಕು ಕೆಲಸ. ನೋಂದಣಿ ಸಂಖ್ಯೆಯಿಲ್ಲದ ಪೋಸ್ಟರಿಗೆ ದಂಡ. ಹತ್ತು ಹನ್ನೆರಡು ಜನರಿಗೊಬ್ಬ ಆ ಊರಿನ ಮಾರ್ಗದರ್ಶಕ, ನಿಗದಿತ ದಿನಗೂಲಿಯೊಂದಿಗೆ. ಅವನು ಬೇಡವೆಂದರೆ ಚಾರಣ ರದ್ದು, ಬಂದವರಿಗೆ ಹಣ ವಾಪಸ್. ನಾಲ್ಕನೆಯದು, ಪ್ರತಿ ಟಿಕೆಟ್ಟಿನಿಂದ ರಕ್ಷಣಾ ನಿಧಿಗೆ ಒಂದು ಪಾಲು. ಈಗ ಯಾರಾದರೂ ಕಣಿವೆಗೆ ಬಿದ್ದರೆ ಹಗ್ಗ ಹಿಡಿದು ಓಡುವವರು ಲೋನಾವಳದ ಶಿವದುರ್ಗ ಮಿತ್ರದಂಥ ಸ್ವಯಂಸೇವಕರು ಮತ್ತು ಬುಡದ ಊರಿನವರು. ಲಾಭ ಸಂಘಟಕನ ಖಾತೆಗೆ, ಹೆಣ ಹೊರುವ ಕೆಲಸ ಊರಿನ ಹೆಗಲಿಗೆ. ಈ ಲೆಕ್ಕವನ್ನು ಇಷ್ಟು ದಿನ ಸಹಿಸಿದ್ದೇ ಹೆಚ್ಚು.

ಸರ್ಕಾರ ಇದನ್ನು ಯಾವಾಗ ಮಾಡುತ್ತದೋ ಮಾಡಲಿ. ಡೊಂಬಿವಲಿಯ ಆ ತಾಯಿ ಮುಂದಿನ ವಾರವೇ ಮಾಡಬಹುದಾದದ್ದಿದೆ. ‘ಗ್ರೂಪ್ ಜೊತೆ’ ಎಂದಾಗ ಸುಮ್ಮನಾಗದೆ ಇನ್ನೆರಡು ಪ್ರಶ್ನೆ ಕೇಳಬಹುದು: ‘ನಿಮ್ಮ ಮುಂದೆ ನಡೆಯುವ ಆ ಊರಿನವರ ಹೆಸರೇನು? ಮಳೆ ಬಂದರೆ ಹಿಂದೆ ಬನ್ನಿ ಅಂತ ಹೇಳೋದು ಅವರೋ, ಲೀಡರೋ?’ ಮಗಳು ಉತ್ತರಕ್ಕಾಗಿ ಲೀಡರಿಗೆ ಫೋನು ಹಚ್ಚಬೇಕಾಗುತ್ತದೆ. ಅವನು ಹೆಸರು ಹೇಳಲು ತಡವರಿಸಿದರೆ ಆ ಶನಿವಾರ ಅವಳು ಮನೆಯಲ್ಲೇ ಉಳಿಯಲಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.