ಮೊದಲ ಪದಕ ಕೊಡಿಸುವ ಅಂಕಣ

2016ರ ರಿಯೊ ಒಲಿಂಪಿಕ್ಸ್. ಟೇಕ್ವಾಂಡೊ 80 ಕೆ.ಜಿ. ವಿಭಾಗದ ಫೈನಲ್ ಮುಗಿಯಲು ಇನ್ನು ಒಂದೇ ಸೆಕೆಂಡು. ಬ್ರಿಟನ್ನಿನ ಲುಟಾಲೊ ಮುಹಮ್ಮದ್ 6–4ರಿಂದ ಮುಂದಿದ್ದರು. ಐವರಿ ಕೋಸ್ಟ್‌ನ ಶೇಖ್ ಸಲ್ಲಾ ಸಿಸ್ಸೆ ಗಿರ್ರನೆ ತಿರುಗಿ ಬೀಸಿದ ಕಾಲು ನೇರ ಎದುರಾಳಿಯ ತಲೆಗೆ ತಾಗಿತು. ಸ್ಕೋರ್ 8–6. ಐವರಿ ಕೋಸ್ಟ್‌ಗೆ ಅದು ಒಲಿಂಪಿಕ್ಸ್ ಇತಿಹಾಸದ ಮೊದಲ ಚಿನ್ನ. ಅದಕ್ಕೆ ಮೊದಲು ಆ ದೇಶದ ಬಳಿ ಇದ್ದದ್ದು 1984ರ 400 ಮೀಟರ್ ಓಟದ ಒಂದು ಬೆಳ್ಳಿ. ಸಿಸ್ಸೆ ಗೆದ್ದ ದಿನವೇ ಅವರ ದೇಶದವರೇ ಆದ ರೂತ್ ಗ್ಬಾಗ್ಬಿ ಕಂಚು ಗೆದ್ದರು.

ಇದನ್ನು ಅದೃಷ್ಟದ ಒದೆತ ಎನ್ನಲಾಗದು. ಹಿಂದಿನ ದಿನವಷ್ಟೇ ಅಹ್ಮದ್ ಅಬುಗೌಶ್ ಜೋರ್ಡಾನ್‌ಗೆ ಒಲಿಂಪಿಕ್ಸ್‌ನ ಮೊಟ್ಟಮೊದಲ ಪದಕ ತಂದಿದ್ದರು, ಅದೂ ಚಿನ್ನ. ಅಂದೇ 18 ವರ್ಷದ ಕಿಮಿಯಾ ಅಲಿಜಾದೆ ಕಂಚು ಗೆದ್ದು, ಒಲಿಂಪಿಕ್ಸ್ ಪದಕ ಪಡೆದ ಇರಾನಿನ ಮೊದಲ ಮಹಿಳೆಯಾದರು. ಇನ್ನೂ ಹಿಂದಕ್ಕೆ ಹೋದರೆ, 2000ದ ಸಿಡ್ನಿಯಲ್ಲಿ ವಿಯೆಟ್ನಾಂನ ಮೊದಲ ಪದಕ, 2004ರ ಅಥೆನ್ಸ್‌ನಲ್ಲಿ ತೈವಾನಿನ ಮೊದಲ ಚಿನ್ನ, 2008ರ ಬೀಜಿಂಗ್‌ನಲ್ಲಿ ಅಫ್ಗಾನಿಸ್ತಾನಕ್ಕೆ ರೊಹುಲ್ಲಾ ನಿಕ್ಪಾಯ್ ತಂದ ಮೊದಲ ಪದಕ, 2012ರ ಲಂಡನ್‌ನಲ್ಲಿ ಗ್ಯಾಬನ್ ದೇಶದ ಮೊದಲ ಪದಕ. ಎಲ್ಲವೂ ಟೇಕ್ವಾಂಡೊದಲ್ಲೇ ಬಂದವು. ಒಲಿಂಪಿಕ್ಸ್‌ನ ಪದಕ ಪಟ್ಟಿ ಶ್ರೀಮಂತ ದೇಶಗಳ ಸೊತ್ತು ಎಂದು ಕೊರಗುವವರು ಈ ಆಟವನ್ನೊಮ್ಮೆ ಗಮನಿಸಬೇಕು.

ಕಾರಣ ಆಟದ ಕಟ್ಟಳೆಗಳಲ್ಲೇ ಇದೆ. ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ ನಾಲ್ಕು, ಮಹಿಳೆಯರಿಗೆ ನಾಲ್ಕು ತೂಕ ವಿಭಾಗಗಳು. ಒಂದು ವಿಭಾಗಕ್ಕೆ ಒಂದು ದೇಶದಿಂದ ಒಬ್ಬರೇ. ಲಂಡನ್‌ವರೆಗೆ ಈ ಹಿಡಿತ ಇನ್ನೂ ಬಿಗಿಯಾಗಿತ್ತು: ಎಷ್ಟೇ ಬಲಿಷ್ಠ ದೇಶವಾದರೂ ಇಬ್ಬರು ಪುರುಷರು, ಇಬ್ಬರು ಮಹಿಳೆಯರನ್ನು ಮಾತ್ರ ಕಳುಹಿಸಬಹುದಿತ್ತು. ಆಟ ಹುಟ್ಟಿದ ದಕ್ಷಿಣ ಕೊರಿಯಾಕ್ಕೂ ವಿನಾಯಿತಿ ಇರಲಿಲ್ಲ. ಬೀಜಿಂಗ್‌ಗೆ ನಾಲ್ವರನ್ನು ಕಳುಹಿಸಿದ ಆ ದೇಶ ನಾಲ್ಕು ಚಿನ್ನ ಗೆದ್ದಿತು. ಎಂಟೂ ವಿಭಾಗಗಳಲ್ಲಿ ಆಡುವ ಅವಕಾಶವಿದ್ದಿದ್ದರೆ ಉಳಿದವರಿಗೆ ಎಷ್ಟು ದಕ್ಕುತ್ತಿತ್ತೋ! ನಾಲ್ಕೇ ವರ್ಷಗಳ ನಂತರ ಲಂಡನ್‌ನಲ್ಲಿ ಎಂಟು ಚಿನ್ನಗಳು ಎಂಟು ಬೇರೆ ಬೇರೆ ದೇಶಗಳ ಪಾಲಾದವು. ಟೋಕಿಯೊದಲ್ಲಿ ಕೊರಿಯಾಕ್ಕೆ ಒಂದೂ ಚಿನ್ನ ಬರಲಿಲ್ಲ. ಇಂಥ ಸೋಲನ್ನು ತಾಳಿಕೊಂಡೇ ತನ್ನ ಆಟವನ್ನು ಜಗತ್ತಿಗೆ ಬಿಟ್ಟುಕೊಟ್ಟ ದೇಶದ ಬಗ್ಗೆ ಗೌರವ ಮೂಡುತ್ತದೆ.

ತೀರ್ಪಿನ ನಂಬಿಕೆ ಮಾತ್ರ ಸುಲಭಕ್ಕೆ ಬಂದದ್ದಲ್ಲ. ಬೀಜಿಂಗ್‌ನಲ್ಲಿ ಟೇಕ್ವಾಂಡೊ ಸ್ಪರ್ಧೆಗಳ ಕೊನೆಯ ದಿನ ಈ ಆಟ ಬೀದಿಗೆ ಬಿದ್ದಿತ್ತು. ಎರಡು ಬಾರಿಯ ಚಾಂಪಿಯನ್, ಚೀನಾದ ಚೆನ್ ಜೊಂಗ್ ಎದುರು ಬ್ರಿಟನ್ನಿನ ಸಾರಾ ಸ್ಟೀವನ್ಸನ್ ಕೊನೆಯ ಗಳಿಗೆಯಲ್ಲಿ ತಲೆಗೆ ಒದ್ದದ್ದು ತೀರ್ಪುಗಾರರ ಕಣ್ಣಿಗೇ ಬೀಳಲಿಲ್ಲ. ಪ್ರತಿಭಟನೆ ಸಲ್ಲಿಕೆಯಾಗಿ, ವಿಡಿಯೊ ನೋಡಿ ಫಲಿತಾಂಶವನ್ನೇ ತಿರುಗಿಸಬೇಕಾಯಿತು. ಅಂದೇ ಕ್ಯೂಬಾದ ಏಂಜೆಲ್ ಮಟೋಸ್ ಗಾಯದ ವಿರಾಮದ ಅವಧಿ ಮೀರಿದ್ದಕ್ಕೆ ಅನರ್ಹಗೊಂಡರು; ಸಿಟ್ಟಿಗೆದ್ದು ರೆಫರಿಯ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೆ ಒಳಗಾದರು. ಒಲಿಂಪಿಕ್ಸ್‌ನಲ್ಲಿ ಈ ಆಟ ಉಳಿಯುವುದೇ ಎಂಬ ಪ್ರಶ್ನೆ ಎದ್ದದ್ದು ಸಹಜ. ಲಂಡನ್ ವೇಳೆಗೆ ಎದೆಗವಚದಲ್ಲೂ ಕಾಲ್ಚೀಲದಲ್ಲೂ ಸೆನ್ಸರ್‌ಗಳು ಬಂದವು, ವಿಡಿಯೊ ಮರುಪರಿಶೀಲನೆ ಬಂತು. ರಿಯೊದಲ್ಲಿ ಶಿರಸ್ತ್ರಾಣಕ್ಕೂ ಸೆನ್ಸರ್ ಸೇರಿತು. ಹೆಸರು ಕೇಳಿರದ ದೇಶದ ಆಟಗಾರನಿಗೆ ಯಂತ್ರದಷ್ಟು ದೊಡ್ಡ ಆಸರೆ ಬೇರೊಂದಿಲ್ಲ. ಒದೆತ ಸರಿಯಾಗಿ ತಾಗಿತೇ ಎಂಬುದಷ್ಟೇ ಅದಕ್ಕೆ ಬೇಕು.

ಆದರೆ ಬೆಲೆಯನ್ನೂ ತೆರಬೇಕಾಯಿತು. ಮುಂಗಾಲನ್ನು ಎತ್ತಿ ಹಿಡಿದು, ಸೆನ್ಸರ್‌ಗೆ ತಾಗಿಸಿದರೆ ಸಾಕೆಂದು ಆಡುವ ಚಾಳಿ ಬೆಳೆಯಿತು. ಆಟ ಕಾಲಿನ ಕತ್ತಿವರಸೆಯಂತಾಯಿತು ಎಂಬ ದೂರು ಕೊರಿಯಾದಲ್ಲೇ ಎದ್ದಿತು. ದೂರಿನಲ್ಲಿ ಹುರುಳಿದೆ, ಗಾಳಿಯಲ್ಲಿ ತಿರುಗಿ ಹೊಡೆಯುವ ಒದೆತವೇ ಈ ಕಲೆಯ ಜೀವ. ವಿಶ್ವ ಟೇಕ್ವಾಂಡೊ ಸಂಸ್ಥೆ ನಿಯಮಗಳನ್ನು ತಿದ್ದುತ್ತಲೇ ಬಂದಿದೆ. ಈಗ ಎದೆಗವಚಕ್ಕೆ ಒದ್ದರೆ 2 ಅಂಕ, ತಲೆಗೆ 3, ತಿರುಗಿ ತಲೆಗೆ ಒದ್ದರೆ 5. ಪ್ಯಾರಿಸ್‌ನಿಂದ ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವರೇ ವಿಜಯಿ. ಮೊದಲ ಸುತ್ತಿನಲ್ಲಿ ಅಂಕ ಕೂಡಿಹಾಕಿಕೊಂಡು ಆಮೇಲೆ ತಪ್ಪಿಸಿಕೊಂಡು ಓಡಾಡುವುದು ಇನ್ನು ನಡೆಯದು.

ಅಲಿಜಾದೆಯ ಮುಂದಿನ ಹಾದಿಯನ್ನೂ ಇಲ್ಲಿ ನೆನೆಯಬೇಕು. ಅವರು 2020ರಲ್ಲಿ ಇರಾನ್ ತೊರೆದರು. ಟೋಕಿಯೊದಲ್ಲಿ ನಿರಾಶ್ರಿತರ ತಂಡದಲ್ಲಿ ಆಡಿ, ಎರಡು ಬಾರಿಯ ಚಾಂಪಿಯನ್ ಜೇಡ್ ಜೋನ್ಸ್ ಅವರನ್ನು ಸೋಲಿಸಿದರು. ಪ್ಯಾರಿಸ್‌ನಲ್ಲಿ ಬಲ್ಗೇರಿಯಾದ ಪರವಾಗಿ ಕಂಚು ಗೆದ್ದರು. ಕಾಬೂಲ್‌ನಿಂದ ಪಾರಾಗಿ ಬಂದ ಜಕಿಯಾ ಖುದಾದಾದಿ, ಪ್ಯಾರಾಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡಕ್ಕೆ ಮೊದಲ ಪದಕ ತಂದದ್ದೂ ಪ್ಯಾರಿಸ್‌ನಲ್ಲೇ, ಟೇಕ್ವಾಂಡೊದಲ್ಲೇ. ಜೋರ್ಡಾನ್‌ನ ಅಜ್ರಕ್ ನಿರಾಶ್ರಿತರ ಶಿಬಿರದಲ್ಲಿ ಈ ಆಟ ಕಲಿತ ಸಿರಿಯಾದ ಯಹ್ಯಾ ಅಲ್ ಘೋಟಾನಿ ಪ್ಯಾರಿಸ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ನಿರಾಶ್ರಿತರ ತಂಡದ ಧ್ವಜ ಹಿಡಿದರು. ಮೈದಾನ, ಈಜುಕೊಳ, ಕುದುರೆ, ದೋಣಿ ಯಾವುದೂ ಬೇಡದ ಆಟವಾದ್ದರಿಂದಲೇ ಇದು ಡೇರೆಯೊಳಗೂ ಬೆಳೆಯುತ್ತದೆ.

ಇಷ್ಟೆಲ್ಲ ಆದರೂ ಈ ಅಂಕಣದಲ್ಲಿ ಭಾರತ ಕಾಣುವುದಿಲ್ಲ. ಪ್ಯಾರಿಸ್‌ವರೆಗಿನ ಏಳು ಪದಕ ಕೂಟಗಳಲ್ಲಿ ಒಬ್ಬ ಭಾರತೀಯ ಆಟಗಾರನೂ ಒಲಿಂಪಿಕ್ಸ್ ಟೇಕ್ವಾಂಡೊದಲ್ಲಿ ಆಡಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಸುರೇಂದ್ರ ಭಂಡಾರಿ 2002ರ ಬೂಸಾನ್‌ನಲ್ಲಿ ಕಂಚು ಗೆದ್ದದ್ದೇ ಹೇಳಿಕೊಳ್ಳುವಂಥ ಸಾಧನೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಹರಿಯಾಣದ ಅರುಣಾ ತನ್ವರ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಆಡಿದ್ದಾರೆ. ಪಕ್ಕದ ನೇಪಾಳ? 1988ರ ಸೋಲ್‌ನಲ್ಲಿ ಈ ಆಟವಿನ್ನೂ ಪ್ರದರ್ಶನಕ್ಕಷ್ಟೇ ಇದ್ದಾಗ ಬಿಧಾನ್ ಲಾಮಾ ಕಂಚು ಗೆದ್ದರು, ಆ ಪದಕ ಲೆಕ್ಕಕ್ಕೆ ಸೇರಲಿಲ್ಲ. 36 ವರ್ಷಗಳ ನಂತರ ಪಲೇಶಾ ಗೋವರ್ಧನ್ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗೆದ್ದ ಕಂಚು ಆ ದೇಶದ ಮೊದಲ ಅಧಿಕೃತ ಪದಕವಾಯಿತು.

ಏಷ್ಯಾದಿಂದ ಅರ್ಹತೆ ಪಡೆಯುವುದು ಕಷ್ಟ, ನಿಜ. ಏಷ್ಯಾ ಅರ್ಹತಾ ಟೂರ್ನಿಯಲ್ಲಿ ಒಂದು ವಿಭಾಗಕ್ಕೆ ಇಬ್ಬರಿಗಷ್ಟೇ ಟಿಕೆಟ್. ಎದುರಿಗೆ ಕೊರಿಯಾ, ಇರಾನ್, ಚೀನಾ, ಉಜ್ಬೇಕಿಸ್ತಾನ. ಆದರೆ ಥಾಯ್ಲೆಂಡ್ ಕೂಡ ಇದೇ ಖಂಡದ್ದು. ಅಲ್ಲಿನ ಪಾನಿಪಾಕ್ ವೊಂಗ್‌ಪಟ್ಟನಕಿಟ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ 49 ಕೆ.ಜಿ. ಚಿನ್ನ ಗೆದ್ದರು. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಬೆಲ್ಟ್‌ಗಾಗಿ ಬೆವರು ಸುರಿಸುವ ಮಕ್ಕಳಿಗೆ ಕೊರತೆಯಿಲ್ಲ. ಬ್ಲ್ಯಾಕ್ ಬೆಲ್ಟ್ ಸಿಕ್ಕ ಮೇಲೆ ಅವರಿಗೆ ಮುಂದಿನ ಮೆಟ್ಟಿಲೇ ಕಾಣುವುದಿಲ್ಲ. ತಾವೇ ಅಧಿಕೃತ ಎಂದು ಜಗಳವಾಡುತ್ತ ನ್ಯಾಯಾಲಯಕ್ಕೆ ಅಲೆದ ರಾಷ್ಟ್ರೀಯ ಫೆಡರೇಷನ್‌ಗಳು ಆಟಗಾರರ ಎಷ್ಟೋ ವರ್ಷಗಳನ್ನು ನುಂಗಿವೆ. ಸೆನ್ಸರ್ ಇರುವ ಕವಚ ತೊಟ್ಟು ಅಭ್ಯಾಸ ಮಾಡದ ಹುಡುಗಿ ಅಂತರರಾಷ್ಟ್ರೀಯ ಅಂಕಣದಲ್ಲಿ ಮೊದಲ ಸುತ್ತನ್ನು ದಾಟಲಾರಳು. ರ‍್ಯಾಂಕಿಂಗ್ ಅಂಕಗಳಿಗಾಗಿ ವರ್ಷವಿಡೀ ವಿದೇಶಗಳ ಓಪನ್ ಟೂರ್ನಿಗಳಲ್ಲಿ ಆಡಬೇಕು, ಆ ಖರ್ಚನ್ನು ಅಪ್ಪ ಅಮ್ಮ ಹೊರಲಾಗದು. ಜಿಲ್ಲೆಗೊಂದು ಸೆಟ್ ಎಲೆಕ್ಟ್ರಾನಿಕ್ ಕವಚ, ಒಂದೇ ಮಾನ್ಯ ಆಯ್ಕೆ ಸಮಿತಿ, ಮುಂಚಿತವಾಗಿ ಪ್ರಕಟವಾಗುವ ಟೂರ್ನಿ ವೇಳಾಪಟ್ಟಿ: ಇವನ್ನು ಒದಗಿಸಲು ಗ್ಯಾಬನ್‌ನಂಥ ದೇಶಗಳಿಗಿಂತ ಹೆಚ್ಚಿನ ಹಣ ಭಾರತದ ಬಳಿ ಇದೆ. ಲಾಸ್ ಏಂಜಲೀಸ್ 2028ರ ಅರ್ಹತೆಗೆ ಈ ಕೆಲಸ ಈಗಲೇ ಆಗಬೇಕು.